ಪಕ್ಕದ ಮನೆಯ ಕುರ್ದರು

ಪ್ರಶ್ನೆ: ಕುರ್ದರ ಪಿಕೆಕೆಯನ್ನು ಅಮೆರಿಕ ಉಗ್ರರ ಪಟ್ಟಿಗೆ ಸೇರಿಸಿತ್ತು. ಅದೇ ಅಮೆರಿಕ ಸಿರಿಯಾದ ಕುರ್ದರಿಗೆ ಬಂದೂಕು ಕೊಟ್ಟು ಐಸಿಸ್ ವಿರುದ್ಧ ಹೋರಾಡಿಸಿತು. ಇವರು ಬೇರೆ, ಅವರು ಬೇರೆಯೇ?

ಉತ್ತರ: ಕಾಗದದ ಮೇಲೆ ಬೇರೆ. 1997ರಲ್ಲಿ ಅಮೆರಿಕದ ಪಟ್ಟಿ ಸೇರಿದ್ದು ಪಿಕೆಕೆ. ಅಬ್ದುಲ್ಲಾ ಒಜಲಾನ್ 1978ರಲ್ಲಿ ಟರ್ಕಿಯಲ್ಲಿ ಕಟ್ಟಿದ ಪಕ್ಷ ಅದು. 1984ರಲ್ಲಿ ಆಯುಧ ಹಿಡಿಯಿತು. ಆ ಕಾಳಗದಲ್ಲಿ ಎರಡೂ ಕಡೆ ಸೇರಿ 40,000ಕ್ಕೂ ಹೆಚ್ಚು ಜನ ಸತ್ತರು. ಸಿರಿಯಾದ ಕುರ್ದರ ಪಡೆ ವೈಪಿಜಿಯನ್ನು ಅಮೆರಿಕ ಆ ಪಟ್ಟಿಗೆ ಸೇರಿಸಲೇ ಇಲ್ಲ. 2014ರಲ್ಲಿ ಕೊಬಾನಿ ಊರಿಗೆ ಐಸಿಸ್ ಮುತ್ತಿಗೆ ಹಾಕಿದಾಗ ಅಮೆರಿಕ ವಿಮಾನದಿಂದ ಅವರಿಗೆ ಮದ್ದುಗುಂಡು ಇಳಿಸಿತು. ವೈಪಿಜಿ ಪಿಕೆಕೆಯದೇ ಕೊಂಬೆ ಎಂದು ಟರ್ಕಿ ಕೆರಳಿತು. ಆಗ ಹೊಳೆದ ಉಪಾಯ ಹೆಸರಿನದು. ಕೆಲವು ಅರಬ್ ತುಕಡಿಗಳನ್ನೂ ಸೇರಿಸಿಕೊಂಡು 2015ರಲ್ಲಿ 'ಸಿರಿಯನ್ ಡೆಮಾಕ್ರಟಿಕ್ ಫೋರ್ಸಸ್' ಹುಟ್ಟಿತು. ಹೆಸರು ಬದಲಿಸಿಕೊಳ್ಳಿ ಎಂದು ನಾವೇ ಹೇಳಿದೆವು, ಅವರು 'ಡೆಮಾಕ್ರಟಿಕ್' ಎಂಬ ಪದ ಸೇರಿಸಿದ್ದು ಒಳ್ಳೆಯದೇ ಆಯಿತು ಎಂದು ಅಮೆರಿಕದ ಜನರಲ್ ರೇಮಂಡ್ ಥಾಮಸ್ 2017ರಲ್ಲಿ ಸಭೆಯೊಂದರಲ್ಲಿ ಬಿಚ್ಚಿ ಹೇಳಿದರು. ಸಭಿಕರು ನಕ್ಕರು.

ಅದೇ ವರ್ಷ ಅಕ್ಟೋಬರಿನಲ್ಲಿ ರಕ್ಕಾ ನಗರ ಐಸಿಸ್ ಕೈತಪ್ಪಿತು. ಅಲ್ಲಿನ ವೃತ್ತದಲ್ಲಿ ಗೆದ್ದ ಕುರ್ದ್ ಹೆಣ್ಣುಮಕ್ಕಳು ಬಿಡಿಸಿ ಹಿಡಿದದ್ದು ಯಾರ ಪಟ? ಒಜಲಾನ್‌ರದು! ಅಂಕಾರಾದ ಅಮೆರಿಕ ರಾಯಭಾರ ಕಚೇರಿ ಕೂಡಲೇ, ಆತ ಗೌರವಕ್ಕೆ ಅರ್ಹನಲ್ಲ ಎಂದು ಹೇಳಿಕೆ ಹೊರಡಿಸಬೇಕಾಯಿತು.

ಅಮೆರಿಕವನ್ನಷ್ಟೇ ಬೈದರೆ ಕಥೆಯ ಅರ್ಧ ಬಿಟ್ಟುಹೋಗುತ್ತದೆ. ಕುರ್ದರು ಸುಮಾರು ಮೂರು ಕೋಟಿ ಜನ. ಟರ್ಕಿ, ಇರಾನ್, ಇರಾಕ್, ಸಿರಿಯಾಗಳ ಗಡಿಗೆರೆಗಳು ಅವರ ಬೆಟ್ಟಗಳ ಮೇಲೇ ಹಾದುಹೋಗಿವೆ. 1920ರ ಸೆವ್ರ್ ಒಪ್ಪಂದ ಸ್ವಂತ ನಾಡಿನ ಆಸೆ ತೋರಿಸಿತು. 1923ರ ಲೊಸಾನ್ ಒಪ್ಪಂದದಲ್ಲಿ ಅವರ ಹೆಸರೇ ಇಲ್ಲ. ಆಮೇಲೆ ಈ ರಾಜಧಾನಿಗಳು ಕಲಿತ ಆಟ ಒಂದೇ: ನಮ್ಮ ಮನೆಯ ಕುರ್ದ ದ್ರೋಹಿ, ಪಕ್ಕದ ಮನೆಯ ಕುರ್ದ ಹೋರಾಟಗಾರ.

ಸಿರಿಯಾವನ್ನೇ ನೋಡಿ. 1962ರ ಗಣತಿಯ ನೆಪದಲ್ಲಿ ಹಸಕಾ ಪ್ರಾಂತ್ಯದ ಸುಮಾರು 1,20,000 ಕುರ್ದರ ಪೌರತ್ವವನ್ನು ಅದು ಕಿತ್ತುಕೊಂಡಿತು. ಮುಂದೆ ಅಧ್ಯಕ್ಷರಾದ ಹಫೀಜ್ ಅಲ್ ಅಸಾದ್ ಅದನ್ನು ಹಿಂದಿರುಗಿಸಲಿಲ್ಲ. ಆದರೆ ಟರ್ಕಿಯ ಕುರ್ದ ಒಜಲಾನ್‌ಗೆ ವರ್ಷಗಟ್ಟಲೆ ಆಶ್ರಯ ಕೊಟ್ಟರು. 1998ರಲ್ಲಿ ಟರ್ಕಿ ಯುದ್ಧದ ಬೆದರಿಕೆ ಹಾಕಿದ ಮೇಲೆ ಅತಿಥಿಯನ್ನು ಹೊರಗೆ ಕಳಿಸಿದರು. ಮರುವರ್ಷ ನೈರೋಬಿಯಲ್ಲಿ ಸಿಕ್ಕಿಬಿದ್ದ ಒಜಲಾನ್‌ಗೆ ಟರ್ಕಿಯ ಇಮ್ರಾಲಿ ದ್ವೀಪದ ಸೆರೆಮನೆ ಗತಿಯಾಯಿತು. ತಮ್ಮ ಕುರ್ದರನ್ನು ಅದುಮಿಟ್ಟಿದ್ದ ಇರಾನಿನ ಶಾ ಕೂಡ ಇರಾಕಿನ ಕುರ್ದ್ ನಾಯಕ ಮುಸ್ತಫಾ ಬಾರ್ಜಾನಿಗೆ ಆಯುಧ ಕೊಟ್ಟರು, 1972ರಿಂದ ಅಮೆರಿಕವೂ ಗುಟ್ಟಾಗಿ ಕೈಜೋಡಿಸಿತು. 1975ರ ಮಾರ್ಚಿನಲ್ಲಿ ಅಲ್ಜೀರ್ಸ್‌ನಲ್ಲಿ ಶಾ ಮತ್ತು ಇರಾಕಿನ ಸದ್ದಾಂ ಗಡಿಯ ವಿಚಾರದಲ್ಲಿ ರಾಜಿಯಾದರು. ಸಹಾಯ ನಿಂತಿತು, ಬಾರ್ಜಾನಿಯ ದಂಗೆ ಕುಸಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

2019ರಲ್ಲಿ ಅಂಬಿಗ ಸಿರಿಯಾದ ಕುರ್ದ. ಐಸಿಸ್ ಜೊತೆಗಿನ ಯುದ್ಧದಲ್ಲಿ 11,000 ಜನರನ್ನು ಕಳೆದುಕೊಂಡೆವೆಂದು ಸಿರಿಯನ್ ಡೆಮಾಕ್ರಟಿಕ್ ಫೋರ್ಸಸ್ ಲೆಕ್ಕ ಕೊಟ್ಟಿತು. ಟ್ರಂಪ್ ಅಕ್ಟೋಬರಿನಲ್ಲಿ ಗಡಿಯಿಂದ ತಮ್ಮ ಸೈನಿಕರನ್ನು ಸರಿಸಿದರು, ಟರ್ಕಿ ಒಳನುಗ್ಗಿತು.

ಹಾಗೆಂದು ಟರ್ಕಿಗೆ ಕುರ್ದರೆಂದರೇ ಆಗದು ಎಂದುಕೊಳ್ಳಬೇಡಿ. ಇದೇ ಬಾರ್ಜಾನಿ ಮನೆತನ ಆಳುವ ಇರಾಕಿ ಕುರ್ದಿಸ್ತಾನದ ಎಣ್ಣೆ ವರ್ಷಗಟ್ಟಲೆ ಹರಿದದ್ದು ಟರ್ಕಿಯ ಜೆಹಾನ್ ಬಂದರಿಗೆ.

2025ರ ಫೆಬ್ರವರಿಯಲ್ಲಿ ಒಜಲಾನ್ ಸೆರೆಮನೆಯಿಂದಲೇ ಪಿಕೆಕೆಗೆ ವಿಸರ್ಜನೆಯ ಕರೆ ಕೊಟ್ಟರು. ಮೇ ತಿಂಗಳಲ್ಲಿ ಪಕ್ಷ ಒಪ್ಪಿತು. ಜುಲೈಯಲ್ಲಿ ಕೆಲವರು ಬಂದೂಕುಗಳನ್ನು ಕೊಪ್ಪರಿಗೆಗೆ ಹಾಕಿ ಸುಟ್ಟರು, ಅದೂ ಟರ್ಕಿಯಲ್ಲಲ್ಲ, ಇರಾಕಿನ ಸುಲೈಮಾನಿಯಾ ಬಳಿ. ಇನ್ನು ನಿಮ್ಮ ಪ್ರಶ್ನೆಗೆ ಬಂದರೆ, ಅದಕ್ಕೆ ಸಿರಿಯಾದ ಕುರ್ದ್ ಪಡೆಯ ದಂಡನಾಯಕ ಮಜ್ಲೂಮ್ ಅಬ್ದಿಯವರ ಉತ್ತರವೂ ಇದೆ. ಕರೆ ಒಳ್ಳೆಯದೇ, ಆದರೆ ಅದು ಪಿಕೆಕೆಗೆ, ನಮಗಲ್ಲ ಎಂದರು ಅವರು.