ಬಣ್ಣ ಹಾಕಿಕೊಳ್ಳುವ ಮುಂಚೆ ಇಷ್ಟು ಓದು

ಪ್ರೀತಿಯ ಪುಟ್ಟಿ,



ಕಾಲೇಜು ವಾರ್ಷಿಕೋತ್ಸವದೊಳಗೆ ತಲೆಗೆ ಸೆಮಿ ಪರ್ಮನೆಂಟ್, ಅಂದರೆ ತೊಳೆಯುತ್ತಾ ಬಿಟ್ಟುಹೋಗುವ, ಬರ್ಗಂಡಿ ಬಣ್ಣ ಹಾಕಿಕೊಳ್ಳಬೇಕು ಅಂತ ನಿನ್ನ ಆಸೆ. ನಿಮ್ಮಮ್ಮ ಖಂಡಿತ ಬೇಡ ಅನ್ನುತ್ತಾಳೆ. ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದೀರಿ. ಬಣ್ಣ ಹಾಕಿಕೊಳ್ಳುವುದೇ ತಪ್ಪು ಅಂತ ನಾನು ಹೇಳಲಾರೆ. ಮೊಗ್ಗಿನ ಜಡೆ ಹೆಣೆಸಿಕೊಂಡು, ಬೆನ್ನ ಹಿಂದೆ ಕನ್ನಡಿ ಇಡಿಸಿ, ಜಡೆ ಕಾಣುವ ಹಾಗೆ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡ ಕಾಲದವಳು ನಾನು. ಕೂದಲಿನ ಮೇಲಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳಾಗಿ, ಆ ಟ್ಯೂಬಿನಲ್ಲಿ ಏನಿದೆ, ಅದು ಕೂದಲಿಗೆ ಏನು ಮಾಡುತ್ತದೆ ಅನ್ನುವುದನ್ನು ಬಿಡಿಸಿ ಹೇಳದೆ ಹೂಂ ಅನ್ನಲು ಮನಸ್ಸು ಬರುವುದಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ತಿಪಟೂರಿಗೆ ಬಂದು ಓದುತ್ತಿರುವ ನಿನ್ನ ಹಾಸ್ಟೆಲ್ ಗೆಳತಿಯರಿಗೂ ಇದನ್ನು ಓದಿ ಹೇಳು. ಅವರ ಮನೆಗಳಲ್ಲೂ ಇದೇ ಜಗಳ ಇದ್ದೀತು.

ಮೊದಲು ನೀನು ಏನು ಕೊಳ್ಳುತ್ತಿದ್ದೀಯ ಅನ್ನುವುದು ಗೊತ್ತಿರಲಿ. ಬಿ.ಎಚ್. ರಸ್ತೆಯ ಫ್ಯಾನ್ಸಿ ಸ್ಟೋರಿನಲ್ಲಿ ‘ಹೇರ್ ಕಲರ್’ ಅಂತ ಕೇಳಿದರೆ ಎಲ್ಲ ಬಗೆಯದ್ದನ್ನೂ ಒಂದೇ ಹೆಸರಿನಲ್ಲಿ ಕೊಡುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಡಬ್ಬಿಯೊಳಗೆ ಎರಡು ಪೊಟ್ಟಣ ಇದ್ದು, ಒಂದನ್ನು ಇನ್ನೊಂದಕ್ಕೆ ಬೆರೆಸಿ ಹಚ್ಚಬೇಕು ಅಂತಿದ್ದರೆ ಅದು ಸೆಮಿ ಪರ್ಮನೆಂಟ್ ಅಲ್ಲ. ಎರಡನೆಯ ಪೊಟ್ಟಣದಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್. ಅಂಗಡಿಯವರು ಅದನ್ನು ಡೆವಲಪರ್ ಅನ್ನುತ್ತಾರೆ. ನೀರಿಗೆ ಕಲಸಿದ ಮೇಲೆ ನಿಧಾನಕ್ಕೆ ಕಪ್ಪಾಗುತ್ತಾ ಬರುವ ಪುಡಿಯೂ ಸೆಮಿ ಪರ್ಮನೆಂಟ್ ಅಲ್ಲ. ನಿಜವಾದ ಸೆಮಿ ಪರ್ಮನೆಂಟ್ ಬಣ್ಣಕ್ಕೆ ಏನನ್ನೂ ಬೆರೆಸಬೇಕಾಗಿಲ್ಲ. ಟ್ಯೂಬು ಒತ್ತಿದ ಕೂಡಲೇ ಕೆಂಪೋ ನೀಲಿಯೋ ಕಣ್ಣಿಗೆ ಕಾಣುತ್ತದೆ, ಅದೇ ಬಣ್ಣ ಕೂದಲಿಗೆ ಹತ್ತುತ್ತದೆ.

‘ಅಮೋನಿಯಾ ಇಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ ನೆಮ್ಮದಿಯಾಗಬೇಡ. ಅಂಥ ಎಷ್ಟೋ ಬಣ್ಣಗಳಲ್ಲಿ ಅಮೋನಿಯಾದ ಕೆಲಸವನ್ನು ಎಥನಾಲಮೀನ್ ಅನ್ನುವ ಇನ್ನೊಂದು ಕ್ಷಾರ ಮಾಡುತ್ತಿರುತ್ತದೆ. ಪೆರಾಕ್ಸೈಡ್ ಅಲ್ಲೇ ಇರುತ್ತದೆ, ಪಿಪಿಡಿಯೂ ಇರಬಹುದು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್ ಅಂತ ಬರೆದಿದೆಯಾ ಅಂತ ಹುಡುಕು. ಅದನ್ನೇ ಚುಟುಕಾಗಿ ಪಿಪಿಡಿ ಅನ್ನುವುದು.

ಇನ್ನು ಕೂದಲಿನ ವಿಷಯ. ಒಂದೊಂದು ಎಳೆಯ ಮೇಲೂ ತೆಳ್ಳನೆಯ ಪದರಗಳು ಹೆಂಚಿನ ಸೂರಿನ ಹಾಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಅವುಗಳ ಅಂಚು ತುದಿಯ ಕಡೆಗೆ ಇರುತ್ತದೆ. ಒಳಗಿನ ತಿರುಳಿನಲ್ಲಿ ಕೆರಾಟಿನ್ ಅನ್ನುವ ಪ್ರೋಟೀನು, ನಮ್ಮ ಕಪ್ಪಿಗೆ ಕಾರಣವಾದ ಮೆಲನಿನ್. ಪರ್ಮನೆಂಟ್ ಬಣ್ಣದಲ್ಲಿ ಕ್ಷಾರವು ಆ ಪದರಗಳನ್ನು ಎಬ್ಬಿಸುತ್ತದೆ, ಪೆರಾಕ್ಸೈಡ್ ಒಳಹೊಕ್ಕು ಮೆಲನಿನ್ ಅನ್ನು ಮಂಕು ಮಾಡುತ್ತದೆ, ಬಣ್ಣದ ಸಣ್ಣ ಅಣುಗಳು ಒಳಗೇ ಒಂದಕ್ಕೊಂದು ಕೂಡಿ ದೊಡ್ಡವಾಗಿ ಹೊರಬರಲಾಗದೆ ಉಳಿದುಬಿಡುತ್ತವೆ. ಸೆಮಿ ಪರ್ಮನೆಂಟ್ ಇಷ್ಟು ರಾದ್ಧಾಂತ ಮಾಡುವುದಿಲ್ಲ. ಮೊದಲೇ ಬಣ್ಣವಿರುವ ಅಣುಗಳು ಪದರದ ಅಂಚಿನಲ್ಲಿ, ಸ್ವಲ್ಪ ಒಳಕ್ಕೆ ಸೇರಿಕೊಂಡು, ಪ್ರತಿ ಸಲ ತಲೆ ತೊಳೆದಾಗಲೂ ಅಷ್ಟಷ್ಟೇ ಬಿಟ್ಟುಹೋಗುತ್ತವೆ. ನಾಲ್ಕು ಸಲದಿಂದ ಹನ್ನೆರಡು ಸಲ ತೊಳೆಯುವುದರೊಳಗೆ ಬಹುಪಾಲು ಮಾಯ. ಆದ್ದರಿಂದ ನಿನ್ನ ಆಯ್ಕೆ ಸರಿಯಾಗಿದೆ. ಪರ್ಮನೆಂಟ್ ಬಣ್ಣಕ್ಕಿಂತ ಕಡಿಮೆ ಹಾನಿ ಇದರದ್ದು.

ಆದರೆ ಇಲ್ಲೊಂದು ಕಷ್ಟವಿದೆ, ನನ್ನ ಪತ್ರವೆಲ್ಲ ಅದಕ್ಕಾಗಿಯೇ. ನೀನು ಫೋನಿನಲ್ಲಿ ತೋರಿಸಿದ ಆ ಹುಡುಗಿಯ ಬಣ್ಣ ನಿನ್ನ ಕೂದಲಿನ ಮೇಲೆ ಹಾಗೆ ಕಾಣುವುದಿಲ್ಲ ಪುಟ್ಟಿ. ಸೆಮಿ ಪರ್ಮನೆಂಟ್‌ಗೆ ಕಪ್ಪನ್ನು ತೆಗೆಯುವ ಶಕ್ತಿ ಇಲ್ಲ, ಕಪ್ಪಿನ ಮೇಲೆ ಕೂರುವ ಶಕ್ತಿ ಮಾತ್ರ. ತೋಟದಲ್ಲಿ ಬಿಸಿಲಿಗೆ ನಿಂತರೆ ಕೆಂಪು ಮಿಂಚು ಕಂಡೀತು, ತರಗತಿಯ ಒಳಗೆ ಯಾರಿಗೂ ಗೊತ್ತಾಗದಿರಬಹುದು. ಆಗ ಪಾರ್ಲರಿನಲ್ಲಿ ‘ಸ್ವಲ್ಪ ಬ್ಲೀಚ್ ಮಾಡಿಬಿಡೋಣ, ಆಮೇಲೆ ಕಲರ್ ಚೆನ್ನಾಗಿ ಕೂರುತ್ತೆ’ ಅನ್ನುತ್ತಾರೆ. ಹಾನಿ ಶುರುವಾಗುವುದು ಆ ಮಾತಿನಿಂದ. ಬಣ್ಣದ ಮೇಲೆ ಬರುವ ಅಪವಾದದಲ್ಲಿ ಹೆಚ್ಚಿನದು ಅದಕ್ಕೆ ಮುಂಚೆ ಹಚ್ಚಿದ ಬ್ಲೀಚಿಗೆ ಸೇರಬೇಕಾದದ್ದು. ಬ್ಲೀಚ್ ಪುಡಿಯಲ್ಲಿರುವ ಪರ್‌ಸಲ್ಫೇಟ್, ಜೊತೆಗೆ ಪೆರಾಕ್ಸೈಡ್, ಎರಡೂ ಸೇರಿ ಮೆಲನಿನ್ ಒಡೆಯುವಾಗ ಕೆರಾಟಿನ್‌ನ ಗಂಧಕದ ಬಂಧಗಳನ್ನೂ ಒಡೆಯುತ್ತವೆ. ಕೂದಲಿನ ಬಿಗಿ ಇರುವುದೇ ಆ ಬಂಧಗಳಲ್ಲಿ. ಅತಿಯಾಗಿ ಬ್ಲೀಚ್ ಆದ ಎಳೆಯನ್ನು ಒದ್ದೆಯಿರುವಾಗ ಎಳೆದು ನೋಡಿದರೆ ಹಿಗ್ಗುತ್ತಾ ಹೋಗಿ, ಹಿಂದಕ್ಕೆ ಬಾರದೆ ತುಂಡಾಗುತ್ತದೆ.

ನಿನ್ನ ಜಡೆ ಸೊಂಟ ಮುಟ್ಟುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಲೆಕ್ಕ ಹಾಕು: ಜಡೆಯ ತುದಿ ನೆತ್ತಿಯಿಂದ ಹೊರಟದ್ದು ನೀನು ಹೈಸ್ಕೂಲಿಗೆ ಸೇರಿದ ಹೊತ್ತಿನಲ್ಲಿ. ಐದಾರು ವರ್ಷದ ಬಿಸಿಲು, ಬಾಚಣಿಗೆ, ರಬ್ಬರ್ ಬ್ಯಾಂಡು ಎಲ್ಲವನ್ನೂ ತಡೆದುಕೊಂಡು ಬಂದ ತುದಿ ಅದು. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಗಾಯ ಮಾಯುವ ಹಾಗೆ ಅದು ಮಾಯುವುದಿಲ್ಲ. ಕೆಟ್ಟರೆ ಕತ್ತರಿಸಬೇಕು, ಹೊಸದು ಬೆಳೆಯಲು ಮತ್ತೆ ಅಷ್ಟೇ ವರ್ಷ ಕಾಯಬೇಕು. ಹಳೆಯ ತುದಿ ಸವೆದು ಬಾಯಿಬಿಟ್ಟಿರುವುದರಿಂದ ಬಣ್ಣವನ್ನು ಬುಡಕ್ಕಿಂತ ಹೆಚ್ಚು ಹೀರುತ್ತದೆ. ಬಣ್ಣ ಪಟ್ಟೆಪಟ್ಟೆಯಾಗಿ ಕಾಣುವುದು ಬಹಳ ಮಟ್ಟಿಗೆ ಇದರಿಂದಲೇ.

ಹಾಗಾಗಿ ನನ್ನ ಸಲಹೆ ಇಷ್ಟು. ಬ್ಲೀಚ್ ಇಲ್ಲದೆ ಸೆಮಿ ಪರ್ಮನೆಂಟ್ ಹಾಕಿಕೋ, ಬಿಸಿಲಿಗೆ ಕಾಣುವ ಕೆಂಪಿಗೆ ತೃಪ್ತಿಪಡು. ಇಲ್ಲ, ಕಾಣಲೇಬೇಕು ಅಂತ ಹಟವಿದ್ದರೆ ಕತ್ತಿನ ಹಿಂಭಾಗದ ಒಳಗಿನ ಒಂದು ಸಣ್ಣ ಎಳೆಗಟ್ಟನ್ನು ಮಾತ್ರ, ಬುಡಕ್ಕೆ ತಾಗದ ಹಾಗೆ, ಕೈ ಪಳಗಿದವರ ಹತ್ತಿರ ಬ್ಲೀಚ್ ಮಾಡಿಸಿ ಬಣ್ಣ ಹಾಕಿಸು. ಇಡೀ ತಲೆಗೆ ಬೇಡವೇ ಬೇಡ. ಅಂಗಡಿಯ ಮೆಹಂದಿ ಪುಡಿ ಹಚ್ಚಿದ್ದ ತಲೆಯಾದರೆ ಆ ಒಂದು ಎಳೆಗೂ ಬೇಡ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳು ಬೆರೆತಿರುತ್ತವೆ, ಅವುಗಳ ಮೇಲೆ ಪೆರಾಕ್ಸೈಡ್ ಬಿದ್ದರೆ ಬಿಸಿಯೆದ್ದು ಕೂದಲು ಸುಡಬಹುದು.

ಹಿತ್ತಲಿನ ಬೇಲಿಯಲ್ಲಿ ಗೋರಂಟಿ ಇದೆಯಲ್ಲ, ಅದನ್ನೂ ಮರೆಯಬೇಡ. ಅದರ ಎಲೆಯಲ್ಲಿರುವ ಲಾಸೋನ್ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ, ಅದನ್ನು ಒಡೆಯುವುದಿಲ್ಲ. ಕಪ್ಪು ಕೂದಲಿಗೆ ಬಿಸಿಲಿನಲ್ಲಿ ಕಾಣುವ ಕೆಂಪು ಅದರಿಂದಲೂ ಬರುತ್ತದೆ. ಎರಡು ಮಾತು ನೆನಪಿಡು: ಅದು ತೊಳೆದರೆ ಹೋಗುವಂಥದ್ದಲ್ಲ, ಮತ್ತು ಹಚ್ಚಿದ ಮೇಲೆ ಕೂದಲು ಒರಟಾದಂತೆ ಅನ್ನಿಸುತ್ತದೆ. ‘ಕಪ್ಪು ಮೆಹಂದಿ’ ಅಂತ ಮಾರುವುದು ಬರೀ ಗೋರಂಟಿಯಲ್ಲ. ಗೋರಂಟಿ ಎಲೆ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಆ ಕಪ್ಪು ಸಾಮಾನ್ಯವಾಗಿ ಪಿಪಿಡಿಯದು.

ಈ ಪಿಪಿಡಿ ಕೆಲವರ ಮೈಗೆ ಸ್ವಲ್ಪವೂ ಒಗ್ಗುವುದಿಲ್ಲ. ನೆತ್ತಿ ಉರಿದು, ಕಿವಿಯ ಹಿಂದೆ ನೀರು ಜಿನುಗಿ, ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಳ್ಳುವಷ್ಟು ಆಗಬಹುದು. ಜಾತ್ರೆಯಲ್ಲಿ ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡಾಗ ತುರಿಕೆ, ಗುಳ್ಳೆ ಬಂದವರು ನಿನ್ನ ಗೆಳತಿಯರಲ್ಲಿ ಯಾರಾದರೂ ಇದ್ದರೆ ಅವರು ಚರ್ಮದ ವೈದ್ಯರಿಗೆ ತೋರಿಸದೆ ಯಾವ ಹೇರ್ ಡೈಯನ್ನೂ ಮುಟ್ಟಬಾರದು. ದೇಹ ಒಮ್ಮೆ ಅದನ್ನು ಶತ್ರು ಅಂತ ಗುರುತಿಟ್ಟುಕೊಂಡರೆ ಮುಂದಿನ ಸಲ ಇನ್ನೂ ಜೋರಾಗಿ ಎದ್ದುಬರುತ್ತದೆ. ನೀನು ಕೊಳ್ಳುವುದು ಸೆಮಿ ಪರ್ಮನೆಂಟ್ ಆದರೂ ಪರೀಕ್ಷೆ ಬಿಡಬೇಡ: ಮೊಣಕೈ ಒಳಮಡಿಕೆಗೆ ಚುಕ್ಕೆಯಷ್ಟು ಹಚ್ಚಿ 48 ಗಂಟೆ ಕಾದು ನೋಡು. ನಾಳೆ ಸಮಾರಂಭ, ಇವತ್ತು ಸಂಜೆ ಬಣ್ಣ ಅನ್ನುವ ಆತುರದಲ್ಲಿ ಈ ಎರಡು ದಿನವನ್ನೇ ಎಲ್ಲರೂ ನುಂಗಿಹಾಕುವುದು. ಹುಬ್ಬಿಗೆ, ರೆಪ್ಪೆಗೂದಲಿಗೆ ಯಾವ ಬಣ್ಣವನ್ನೂ ತಾಗಿಸಬೇಡ. ನಿಮ್ಮಪ್ಪ ಕಲಸಿಟ್ಟ ಡೈ ಬಟ್ಟಲು ಬಚ್ಚಲ ಕಟ್ಟೆಯ ಮೇಲೆ ಉಳಿಯದ ಹಾಗೂ ನೋಡಿಕೋ, ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ. ಪಿಪಿಡಿ ಇರುವ ಡೈ ಹೊಟ್ಟೆಗೆ ಹೋದರೆ ಕುತ್ತಿಗೆ, ನಾಲಗೆ ಊದಿ ಉಸಿರೇ ಕಟ್ಟಬಹುದು. ಹಾಗೇನಾದರೂ ಆದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಓಡಬೇಕು.

ಬಣ್ಣ ಹಚ್ಚುವ ದಿನದ ಕೆಲಸ ಹೇಳುತ್ತೇನೆ. ನಮ್ಮ ಕಡೆ ಹುಡುಗಿಯರಿಗೆ ಬೆಳಗೆದ್ದು ಎಣ್ಣೆ ಹಚ್ಚದೆ ಜಡೆ ಹಾಕಿಯೇ ಗೊತ್ತಿಲ್ಲ. ಎಣ್ಣೆ ಇರುವ ಕೂದಲಿಗೆ ಬಣ್ಣ ಹತ್ತುವುದಿಲ್ಲ. ಹಿಂದಿನ ರಾತ್ರಿ ಎಣ್ಣೆ ಹಚ್ಚಿದ್ದರೂ ಅಂದು ಶಾಂಪೂವಿನಿಂದ ಪೂರ್ತಿ ತೆಗೆ, ಕಂಡೀಷನರ್ ಹಾಕಬೇಡ, ಚೆನ್ನಾಗಿ ಒಣಗಲು ಬಿಡು. ಕೊಬ್ಬರಿ ಎಣ್ಣೆಗೆ ಆ ದಿನ ಒಂದೇ ಕೆಲಸ: ಹಣೆಯ ಅಂಚು, ಕಿವಿ, ಕುತ್ತಿಗೆಗೆ ಸವರಿಕೊಂಡರೆ ಚರ್ಮಕ್ಕೆ ಕಲೆ ಹಿಡಿಯದು. ಕೈಗವಸು ಹಾಕಿಕೋ. ಕತ್ತಿನ ಹತ್ತಿರದ ಒಂದು ಎಳೆಗೆ ಮೊದಲು ಹಚ್ಚಿ, ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡು. ಇಷ್ಟವಾದರೆ ಉಳಿದ ಕೂದಲು. ತುದಿಗೆ ಕೊನೆಯಲ್ಲಿ ಹಚ್ಚು. ಡಬ್ಬಿಯ ಮೇಲೆ ಬರೆದ ಹೊತ್ತು ಮೀರಬೇಡ. ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆ, ಆಗ ಕಂಡೀಷನರ್ ಹಾಕು. ಎರಡು ದಿನ ಶಾಂಪೂ ಬೇಡ. ದಿಂಬಿಗೆ ಹಳೇ ಬಟ್ಟೆ ಹಾಸು, ಬೆವರುವ ದಿನ ಬಿಳಿ ಚೂಡಿದಾರ ಬೇಡ.

ನೀರಿನ ವಿಷಯ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ನಿಮ್ಮೂರಿನ ಬೋರ್ ನೀರು ಗಡುಸು ನೀರು. ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯನ್ನು ನೋಡು. ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೂ ಕೂತು ಅದನ್ನು ಒರಟು ಮಾಡುತ್ತವೆ, ಬಣ್ಣವನ್ನು ಮಂಕು ಮಾಡುತ್ತವೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನಿಂದ ಕೊನೆಯದಾಗಿ ಎರಡು ಚೊಂಬು ತಲೆಗೆ ಸುರಿದುಕೋ. ಎರಡೇ ಚೊಂಬು, ಅದು ಕುಡಿಯುವ ನೀರು. ಮತ್ತೆ, ತೆಂಗಿನ ಗರಿ ಉರಿಸಿ ಹಂಡೆಯಲ್ಲಿ ಕುದಿಸಿದ ಸುಡುಸುಡು ನೀರನ್ನು ನೆತ್ತಿಗೆ ಹಾಕಿಸಿಕೊಳ್ಳುವ ಅಭ್ಯಾಸ ಬಿಡು. ಬಣ್ಣ ಬೇಗ ಹೋಗುವುದೇ ಅದರಿಂದ. ದೀಪಾವಳಿಯ ಎಣ್ಣೆಸ್ನಾನವನ್ನು ಬಿಡು ಅನ್ನುವುದಿಲ್ಲ, ಆದರೆ ಎಣ್ಣೆ ಹೋಗುವ ಹಾಗೆ ಸೀಗೆಪುಡಿ ಹಾಕಿ ಉಜ್ಜಿದರೆ ಜೊತೆಗೆ ಬಣ್ಣವೂ ಹೋಗುತ್ತದೆ ಅನ್ನುವುದು ಗೊತ್ತಿರಲಿ.

ಎಣ್ಣೆಯ ಬಗ್ಗೆ ನಮ್ಮವರು ಹೇಳುವುದರಲ್ಲಿ ಎಷ್ಟು ನಿಜ ಅಂತಲೂ ಕೇಳಿದ್ದೀಯ. 2003ರಲ್ಲಿ ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ ಅನ್ನುವ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಣನೀಯವಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ, ಬ್ಲೀಚ್ ಮಾಡಿದ ಕೂದಲಿನಲ್ಲೂ. ಅವರಿಬ್ಬರೂ ಕೊಬ್ಬರಿ ಎಣ್ಣೆ ಮಾರುವ ಮಾರಿಕೋ ಕಂಪನಿಯಲ್ಲಿದ್ದವರು, ಅದನ್ನೂ ಗಮನದಲ್ಲಿಡು. ಆದರೆ ಅವರು ಕೊಟ್ಟ ಕಾರಣ ರಸಾಯನಶಾಸ್ತ್ರಕ್ಕೆ ಒಪ್ಪುವಂಥದ್ದು: ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ, ಅದರ ಅಣು ಚಿಕ್ಕದು, ನೆಟ್ಟಗಿದೆ, ಆದ್ದರಿಂದ ಎಳೆಯೊಳಕ್ಕೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದರೆ ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದು ಕಡಿಮೆ. ಹಾಗಾಗಿ ಬಣ್ಣ ಹಾಕಿ ವಾರ ಕಳೆದ ಮೇಲೆ, ತಲೆ ತೊಳೆಯುವ ಹಿಂದಿನ ರಾತ್ರಿ ಕೂದಲಿನ ಉದ್ದಕ್ಕೆ, ಮುಖ್ಯವಾಗಿ ತುದಿಗೆ, ಕೈ ಜಿಡ್ಡಾಗುವಷ್ಟು ಮಾತ್ರ ಹಚ್ಚು. ಹೆಚ್ಚು ಹಚ್ಚಿದರೆ ತೆಗೆಯಲು ಹೆಚ್ಚು ಶಾಂಪೂ ಬೇಕು, ಬಣ್ಣ ಅದರ ಪಾಲಾಗುತ್ತದೆ. ಒಡೆದ ಬಂಧವನ್ನು ಎಣ್ಣೆ ಕೂಡಿಸುವುದಿಲ್ಲ, ನೆರೆತ ಕೂದಲನ್ನು ಕಪ್ಪು ಮಾಡುವುದಿಲ್ಲ. ಅಷ್ಟನ್ನು ಅದರಿಂದ ಕೇಳುವುದು ಎಣ್ಣೆಗೂ ಅನ್ಯಾಯ.

ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿ ಒಣಗಿ ಗಿಟುಕಾದ ನಮ್ಮ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನಲು, ಹಬ್ಬ ಮದುವೆಗೆ ಅಂತ ಉತ್ತರದ ಕಡೆ ಹೋಗುತ್ತದೆ. ಮನೆಗೆ ಒಡಕು, ಚೂರು ಉಳಿದರೆ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುತ್ತೀರಲ್ಲ, ತಲೆಗೆ ಅದೇ ಸಾಕು. ಕಮಟು ವಾಸನೆ ಬಂದದ್ದು ಮಾತ್ರ ಬೇಡ.

ನಿನ್ನ ರೂಮಿನ ಹುಡುಗಿಗೆ ಇಪ್ಪತ್ತಕ್ಕೇ ನೆರೆ ಬಂದಿದೆ, ಮುಚ್ಚಲು ಕಪ್ಪು ಪುಡಿ ಹಚ್ಚುತ್ತಾಳೆ ಅಂದೆ. ಮೊದಲು ರಕ್ತಪರೀಕ್ಷೆ ಮಾಡಿಸಲು ಹೇಳು: ಬಿ12, ಕಬ್ಬಿಣದ ಅಂಶ, ಥೈರಾಯ್ಡ್. ಎಷ್ಟೋ ಸಲ ಅದು ವಂಶದಿಂದಲೇ ಬಂದಿರುತ್ತದೆ, ಆದರೂ ಕೊರತೆ ಇದ್ದರೆ ಗೊತ್ತಾಗಲಿ.

ಡಬ್ಬಿ ಕೊಂಡ ಮೇಲೆ ಅದರ ಹಿಂಬದಿಯ ಫೋಟೊ ನನಗೆ ಕಳಿಸು, ಒಟ್ಟಿಗೆ ಓದೋಣ. ಹಚ್ಚಿದಾಗ ಉರಿ ಶುರುವಾದರೆ ಹೊತ್ತು ಮುಗಿಯಲಿ ಅಂತ ಕಾಯದೆ ತೊಳೆದುಬಿಡು, ಮುಖ ಊದಿದರೆ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗು. ನಿಮ್ಮಮ್ಮನಿಗೆ ನಾನೇ ಫೋನು ಮಾಡುತ್ತೇನೆ. ಅವಳು ಹೆದರಿರುವುದು ಬ್ಲೀಚಿಗೆ, ಬಣ್ಣಕ್ಕಲ್ಲ. ಇಡೀ ತಲೆಗೆ ಬ್ಲೀಚ್ ಮಾಡಿಸುವುದಿಲ್ಲ ಅಂತ ನೀನು ಮಾತು ಕೊಟ್ಟರೆ ಒಪ್ಪಿಸುವುದು ನನ್ನ ಹೊಣೆ.

ಇಂತಿ ನಿನ್ನ
ದೊಡ್ಡಮ್ಮ