ಜಾಲತಾಣಕ್ಕೆ ಹೊಸ ತಂತ್ರ: ಆಯ್ಕೆಯ ವಿಚಾರ

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತರುವ ರೈತನು ಮನೆ ಬಿಡುವ ಮೊದಲು ತಿಳಿಯಬಯಸುವ ಸಂಗತಿ ಒಂದೇ: ಈ ದಿನ ಕಡ್ಡಿಗೆ ಧಾರಣೆ ಎಷ್ಟು, ಡಬ್ಬಿಗೆ ಎಷ್ಟು? ಇದರೊಡನೆ ಹಾವೇರಿ, ರಾಣೆಬೆನ್ನೂರುಗಳ ಹತ್ತಿ, ಗೋವಿನಜೋಳದ ಧಾರಣೆಯನ್ನೂ ತಿಳಿಸುವ ಜಾಲತಾಣವೊಂದನ್ನು ನಾವು ಕಟ್ಟಬೇಕಾಗಿದೆಯೆಂದು ಭಾವಿಸೋಣ. ಹೊಸ ತಂತ್ರವೊಂದನ್ನು ಎಲ್ಲರೂ ಹೊಗಳುತ್ತಿದ್ದಾರೆ. ಅದನ್ನು ಬಳಸಬೇಕೆ, ಬೇಡವೆ?

ಮೊದಲು ತೂಗಿ ನೋಡೋಣ. ಧಾರಣೆಯ ಪಟ್ಟಿಯನ್ನು ಬರಿಯ ಎಚ್‌ಟಿಎಂಎಲ್‌ನಲ್ಲಿ ಬರೆದರೆ 10 ಕಿಲೋಬೈಟು ಸಾಕು. ಅದನ್ನೇ ದೊಡ್ಡದೊಂದು ಜಾವಾಸ್ಕ್ರಿಪ್ಟ್ ಚೌಕಟ್ಟಿನೊಳಗೆ ಕೂರಿಸಿದರೆ ಪಟ್ಟಿಗಿಂತ ಮೊದಲು ಚೌಕಟ್ಟು ಬಂದಿಳಿಯಬೇಕು. ಒಟ್ಟು 500 ಕಿಲೋಬೈಟು ಎನ್ನೋಣ. ಒಂದು ಬೈಟಿಗೆ 8 ಬಿಟ್ಟುಗಳು. ಹೊಲದ ಅಂಚಿನಲ್ಲಿ ಸೆಕೆಂಡಿಗೆ 50 ಕಿಲೋಬಿಟ್ಟು ಮಾತ್ರ ದೊರೆಯುವುದಾದರೆ ಮೊದಲನೆಯದಕ್ಕೆ 1.6 ಸೆಕೆಂಡು, ಎರಡನೆಯದಕ್ಕೆ 80 ಸೆಕೆಂಡು ಹಿಡಿಯುತ್ತದೆ. ಚೀಲಗಳನ್ನು ಟ್ರ್ಯಾಕ್ಟರಿಗೆ ಏರಿಸಿ ನಿಂತವನಿಗೆ ಇದು ಅಲ್ಪ ವ್ಯತ್ಯಾಸವಲ್ಲ.

ಹಾಗಾದರೆ ಹಳೆಯದೇ ಲೇಸೆ? ಕನ್ನಡದ ಅನುಭವವು ಹಾಗೆ ಹೇಳುವುದಿಲ್ಲ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡ ಲಿಪಿಗೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಅದನ್ನು ಸರಿಯಾಗಿ ತೋರಿಸಬಲ್ಲ ಗಣಕಗಳು ಜನರ ಬಳಿ ಇರಲಿಲ್ಲ. ಆದುದರಿಂದ ಅನೇಕ ತಾಣಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪಗಳನ್ನು ತೊಡಿಸಿದ ಫಾಂಟುಗಳನ್ನು ನೆಚ್ಚಿಕೊಂಡವು. ಆ ಫಾಂಟು ಇಲ್ಲದ ಗಣಕದಲ್ಲಿ 'ಮೆಣಸಿನಕಾಯಿ' ಎಂಬ ಪದವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಕನ್ನಡದಲ್ಲಿ ಬೆರಳಚ್ಚಿಸಿ ಹುಡುಕಿದವನಿಗೂ ಅದು ಸಿಗುತ್ತಿರಲಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪುಟದೊಡನೆಯೇ ಫಾಂಟನ್ನು ಇಳಿಸುವ ಉಪಾಯವನ್ನು ಒದಗಿಸಿತಾದರೂ ಅದು ಇತರ ಬ್ರೌಸರುಗಳಲ್ಲಿ ನಡೆಯಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು ಯುನಿಕೋಡ್ ಕನ್ನಡವನ್ನು ತೋರಿಸಬಲ್ಲದಾಗಿತ್ತು. ಅನಂತರವೂ ಹಳೆಯ ಫಾಂಟುಗಳಿಗೇ ಅಂಟಿಕೊಂಡ ಬರಹಗಳನ್ನು ಇಂದಿಗೂ ಪರಿವರ್ತಕಗಳ ಮೂಲಕ ಹಾಯಿಸಬೇಕಾಗುತ್ತದೆ. ಹೊಸತನ್ನು ಬೇಗ ಹಿಡಿಯಲಾರದೆ ಹೋದದ್ದಕ್ಕೆ ಕಾರಣವಿತ್ತು. ತಡವಾಗಿಯೂ ಹಿಡಿಯದೆ ಹೋದದ್ದಕ್ಕೆ ಏನಿತ್ತೋ!

ಯುನಿಕೋಡ್ ಒಂದೇ ಕಂಪನಿಯ ಸೊತ್ತಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಫ್ಲಾಶ್ ಹಾಗಿರಲಿಲ್ಲ; ಅದರ ಒಡೆಯರಾದ ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಿದರು. 2010ರಲ್ಲಿ ಹೊರಬಂದ ಆಂಗ್ಯುಲರ್‌ಜೆಎಸ್‌ಗೆ 2022ರ ಜನವರಿಯ ಹೊತ್ತಿಗೆ ಪೋಷಣೆ ತಪ್ಪಿತು. ಆದರೆ 1991ರಲ್ಲಿ ಬರೆದ ಎಚ್‌ಟಿಎಂಎಲ್ ಪುಟವು ಇಂದಿನ ಫೋನಿನಲ್ಲಿಯೂ ತೆರೆದುಕೊಳ್ಳುತ್ತದೆ.

ಇನ್ನು ನಮ್ಮ ತಾಣಕ್ಕೆ ಬರೋಣ. ಪಟ್ಟಿಯ ಪುಟಕ್ಕೆ ಚೌಕಟ್ಟು ಬೇಡ. ಖರೀದಿದಾರರು ತೆರೆಯ ಮೇಲೆಯೇ ಬೆಲೆ ನಮೂದಿಸಿ, ಅಂಕಿಗಳು ಕ್ಷಣಕ್ಷಣಕ್ಕೂ ಬದಲಾಗುವ ಪುಟವೂ ಬೇಕಾದರೆ ಮಾತು ಬೇರೆ. ಅಲ್ಲಿ ಚೌಕಟ್ಟು ನಮ್ಮ ಶ್ರಮವನ್ನು ನಿಜವಾಗಿಯೂ ಉಳಿಸೀತು. ಅದನ್ನು ಬ್ಯಾಡಗಿಯೊಂದಕ್ಕೇ ಒಂದು ತಿಂಗಳು ಪ್ರಯೋಗಿಸಿ, ಅಗ್ಗದ ಹಳೆಯ ಫೋನಿನಲ್ಲಿ ತೆರೆದು, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುವೆ ಎಂದು ನೋಡಬೇಕು. ಧಾರಣೆಯ ಅಂಕಿಗಳನ್ನಾದರೋ ಚೌಕಟ್ಟಿನಿಂದ ಪ್ರತ್ಯೇಕವಾಗಿ, ಸಾದಾ ಪಠ್ಯದ ಕಡತದಲ್ಲಿ ಮೊದಲ ದಿನದಿಂದಲೇ ಇರಿಸತಕ್ಕದ್ದು.