ಅರ್ಧ ಮುದ್ದೆ, ಬಟ್ಟಲು ತುಂಬ ಸೊಪ್ಪು

ಬಸುರಿಗೆ ಸಕ್ಕರೆ ಬಂದಿದೆ ಎಂದರೆ ನಮ್ಮ ದೊಡ್ಡಬೆಳವಂಗಲದಲ್ಲಿ ಮೊದಲು ಬೀಳುವ ಮಾತು: "ಸಿಹಿ ಜಾಸ್ತಿ ತಿಂದಿರ್ತಾಳೆ ಬಿಡು." ಆರನೇ ತಿಂಗಳಲ್ಲಿ ನನಗೆ 168 ಬಂದಾಗ ನಾನೂ ಕೇಳಿಸಿಕೊಂಡೆ. ಆಮೇಲೆ ಕಲಿತದ್ದು ಇಷ್ಟು.

1. ತಪ್ಪು ಯಾರದ್ದೆಂದು ಹುಡುಕಬೇಡಿ. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಕೆಲವರ ಮೈ ಅದನ್ನು ಸರಿತೂಗಿಸಲಾರದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗಲೇ ನೂರಕ್ಕೆ ಸುಮಾರು ಆರು ಮಂದಿಗೆ ಇದಿತ್ತು.

2. ಪರೀಕ್ಷೆ ಎರಡು ಸಲ. ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ. ಸರ್ಕಾರಿ ಪದ್ಧತಿಯಲ್ಲಿ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿದು ಎರಡು ಗಂಟೆ ಕೂರಬೇಕು. 140 ಅಥವಾ ಹೆಚ್ಚು ಬಂದರೆ ಸಕ್ಕರೆ ಇದೆಯೆಂದೇ ಲೆಕ್ಕ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಮಾಡುತ್ತಾರೆ.

3. ರಾಗಿಯನ್ನು ನಂಬಿ, ಕುರುಡಾಗಿ ಬೇಡ. "ಮುದ್ದೆಗೆ ಶುಗರ್ ಬರಲ್ಲ" ಎನ್ನುವವರು ನಮ್ಮ ಕಡೆ ಬೀದಿಗೆ ಹತ್ತು ಜನ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ನಾರೂ ಇದೆ, ನಿಜ. ಆದರೆ ಹೆಚ್ಚಿನ ಪಾಲು ಪಿಷ್ಟವೇ. ನಮ್ಮತ್ತೆ "ಇಬ್ಬರ ಊಟ ಉಣ್ಣಬೇಕಮ್ಮ" ಅಂತ ತೆಂಗಿನಕಾಯಿ ಗಾತ್ರದ ಮುದ್ದೆ ಇಡುತ್ತಿದ್ದರು. ನಾನು ಜಗಳಕ್ಕೆ ಹೋಗಲಿಲ್ಲ. ತಟ್ಟೆಯಲ್ಲಿ ಮುದ್ದೆಯನ್ನು ಎರಡು ಮಾಡಿ, ಅರ್ಧ ಅವರ ತಟ್ಟೆಗೇ ಹಾಕಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಬಟ್ಟಲು ತುಂಬ ಬಡಿಸಿಕೊಂಡೆ. ಮೊದಲು ಪಲ್ಯ, ಆಮೇಲೆ ಮುದ್ದೆ, ಕೊನೆಗೆ ಮಜ್ಜಿಗೆ. ಹುರುಳಿ, ಅವರೆ, ಮೊಟ್ಟೆ ಯಾವುದಾದರೂ ಜೊತೆಗಿರಲಿ. ರಾಗಿ ಗಂಜಿ ಮುದ್ದೆಗಿಂತ ಬೇಗ ರಕ್ತಕ್ಕಿಳಿಯಬಹುದು, ಎಚ್ಚರ.

4. ಅಂಗನವಾಡಿ ಊಟ ಬಿಡಬೇಡಿ. ಮಾತೃಪೂರ್ಣ ಯೋಜನೆಯ ಹಾಲು, ಮೊಟ್ಟೆ, ಸಾರು ನಿಮ್ಮ ಹಕ್ಕು. ಅನ್ನ ಕಡಿಮೆ ಹಾಕಿಸಿಕೊಳ್ಳಿ. ಬೆಲ್ಲದ ಚಿಕ್ಕಿ ಮಾತ್ರ ಮನೆಯ ಮಕ್ಕಳಿಗೆ ಹೋಗಲಿ. ನಿಮಗೆ ಒಂದು ಹಿಡಿ ಹುರಿದ ಕಡಲೆಕಾಯಿ.

5. ಹಸಿದು ಕೂರಬೇಡಿ. ಶುಕ್ರವಾರದ ಒಪ್ಪೊತ್ತು, ಸಂಕಷ್ಟಿ ಎಲ್ಲ ಹೆರಿಗೆ ಆದಮೇಲೆ. ಮೂರು ಊಟ, ನಡುನಡುವೆ ಎರಡು-ಮೂರು ಸಲ ಚೂರುಪಾರು.

6. ಉಂಡ ಮೇಲೆ ನಡೆಯಿರಿ. ಹೊರಗೆ ಲಾರಿ ಕಾಟವಾದರೆ ಅಂಗಳದಲ್ಲೇ ಹದಿನೈದು ನಿಮಿಷ ಸಾಕು. ಡಾಕ್ಟರು ವಿಶ್ರಾಂತಿ ಹೇಳಿದ್ದರೆ ಬೇಡ.

7. ಸೂಜಿಗೆ ಅಂಜಬೇಡಿ. ಎರಡು ವಾರ ಪಥ್ಯ ಮಾಡಿಯೂ, ಉಂಡು ಎರಡು ಗಂಟೆಗೆ 120ರ ಕೆಳಗೆ ಇಳಿಯದಿದ್ದರೆ ಔಷಧ ಬೇಕು. ಇನ್ಸುಲಿನ್ ಮಾಸು ದಾಟಿ ಕೂಸಿಗೆ ಹೋಗುವುದಿಲ್ಲ. ಒಮ್ಮೆ ಹಾಕಿಸಿಕೊಂಡರೆ ಸಾಯುವ ತನಕ ಬಿಡಲ್ಲ ಅನ್ನುವುದು ಬಾಯಿಮಾತು. ನನ್ನದು ಹೆರಿಗೆಯ ದಿನವೇ ನಿಂತಿತು. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ತಣ್ಣೀರಿನ ಮಣ್ಣಿನ ಮಡಕೆಯಲ್ಲಿಡಿ. ಇನ್ಸುಲಿನ್ ಮೇಲಿರುವಾಗ ಕೈ ನಡುಗಿ, ಬೆವರು ಕಿತ್ತುಕೊಂಡು ಬಂದರೆ ಸಕ್ಕರೆ ಇಳಿದಿದೆ ಎಂದರ್ಥ: ಮೂರು ಚಮಚ ಗ್ಲೂಕೋಸ್ ಪುಡಿ ಒಂದು ಲೋಟ ನೀರಿಗೆ, ತಕ್ಷಣ.

8. ಹೆರಿಗೆಯಾದ ಗಂಟೆಯೊಳಗೆ ಎದೆಹಾಲು. ಸಕ್ಕರೆ ಬಂದ ತಾಯಿಯ ಕೂಸಿನ ಸಕ್ಕರೆ ದಿಢೀರನೆ ಕುಸಿಯಬಹುದು. ಜೇನು ನೆಕ್ಕಿಸುವ ಶಾಸ್ತ್ರ ಬೇಡವೇ ಬೇಡ.

9. ಎಲ್ಲರೂ ಮರೆಯುವ ಪರೀಕ್ಷೆ ಇದು. ಹೆರಿಗೆಯಾಗಿ ಆರು ವಾರಕ್ಕೆ ತಾಯಿ ಮತ್ತೆ ಗ್ಲೂಕೋಸ್ ಕುಡಿದು ನೋಡಿಸಿಕೊಳ್ಳಬೇಕು, ಏಕೆಂದರೆ ಮುಂದೆ ಸಕ್ಕರೆ ಕಾಯಿಲೆ ಕಾಯಂ ಆಗುವ ಸಂಭವ ನಮಗೆ ಬೇರೆಯವರಿಗಿಂತ ಹೆಚ್ಚು. ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದೂ ಅದೇ ಹೊತ್ತಿಗೆ ಬರುತ್ತದೆ. ಒಂದೇ ಓಡಾಟದಲ್ಲಿ ಎರಡೂ ಮುಗಿಸಿ. ಬಾಣಂತನಕ್ಕೆ ತವರಿಗೆ ಹೊರಡುವಾಗ ತಾಯಿ ಕಾರ್ಡ್ ಬಟ್ಟೆಗಂಟಿನ ಮೇಲುಗಡೆಯೇ ಇರಲಿ. ನನ್ನದು ಅತ್ತೆಮನೆ ಬೀರುವಿನಲ್ಲೇ ಉಳಿದು, ಆರು ವಾರದ ಪರೀಕ್ಷೆ ಐದನೇ ತಿಂಗಳಿಗೆ ಹೋಯಿತು.